ಮಳೆಗಾಲದೊಳಗೆ ಮಾಡು ಕಟ್ಟಬೇಕು: ನಮ್ಮ ಹಳೆಮನೆಗಾಗಿ ಒಂದು ಮನವಿ

ಆತ್ಮೀಯರೇ,

ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ಯಕ್ಷಗಾನ ಕಲಿಸುವ ನಮ್ಮ ಹಳೆಮನೆಯನ್ನು ನಿಮಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಅದರ ಚಾವಡಿಯಲ್ಲಿ ಕೂತು ಒಂದಾದರೂ ತಾಳಮದ್ದಳೆ (ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳದವರು ನಿಮ್ಮಲ್ಲಿ ಕಡಿಮೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇವೆ. ಕಳೆದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಉಪ್ಪರಿಗೆಯ ಬಡಗು ಬದಿಯ ಮಾಡು (ಛಾವಣಿ) ಕುಸಿಯಿತು. ಒರಲೆ (ಗೆದ್ದಲು) ತಿಂದ ಪಕ್ಕಾಸುಗಳು (ಮಾಡು ಹೊರುವ ಮರದ ತೊಲೆಗಳು) ಮುರಿದು, ಹಂಚು, ರೀಪು ಎಲ್ಲ ವೇಷದ ಪೆಟ್ಟಿಗೆಗಳ ಮೇಲೆಯೇ ಬಿದ್ದವು. ರಾತ್ರಿಯಾದ್ದರಿಂದ ಮಕ್ಕಳು ಯಾರೂ ಇರಲಿಲ್ಲ, ದೇವರು ಕಾಪಾಡಿದ. ಕಿರೀಟ, ಭುಜಕೀರ್ತಿ, ಎದೆಪದಕ ನೆನೆದು ಅವುಗಳ ಹೊಳೆಯುವ ಬೇಗಡೆ ಹಾಳೆ ಎದ್ದು ಬಂದಿದೆ. ರಾಕ್ಷಸ ಪಾತ್ರಗಳ ಬಣ್ಣದ ವೇಷದ ದೊಡ್ಡ ಕಿರೀಟ ಕೇಸರಿ ತಟ್ಟಿಯಂತೂ ಹೋಗಿಯೇ ಹೋಯಿತು.

ಈಗ ಟಾರ್ಪಾಲು ಕಟ್ಟಿದ್ದೇವೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಲ್ಲಿ ಟಾರ್ಪಾಲು ಎಷ್ಟು ದಿನ ತಡೆದೀತು ಹೇಳಿ. ಮನೆಯ ಗೋಡೆ ಮುರಕಲ್ಲಿನದು (ಜಂಬಿಟ್ಟಿಗೆ), ಕಲ್ಲುಗಳ ನಡುವೆ ಇರುವುದು ಬರೀ ಮಣ್ಣು. ಮಾಡಿನ ಇಳಿಜಾರು ಹೊರಗೆ ಚಾಚಿಕೊಂಡಿರುವವರೆಗೆ ಆ ಗೋಡೆಗೆ ಏನೂ ಆಗುವುದಿಲ್ಲ. ಸಂದಿಗೆ ನೀರು ಇಳಿದರೆ ಮಣ್ಣು ಕರಗಿ ಕಲ್ಲೇ ಸಡಿಲಾಗುತ್ತದೆ. ಇನ್ನೊಂದು ಮಳೆಗಾಲ ಹೀಗೇ ಬಿಟ್ಟರೆ ಹೋಗುವುದು ಮಾಡು ಮಾತ್ರ ಅಲ್ಲ.

ಸುಮ್ನೆ ತಗಡಿನ ಶೀಟು ಹೊದೆಸಿಬಿಡಿ ಎಂದು ಹಿತೈಷಿಗಳೇ ಹೇಳಿದ್ದಾರೆ. ಖರ್ಚು ಕಡಿಮೆ, ನಿಜ. ಆದರೆ ಶೀಟಿನ ಮೇಲೆ ಮಳೆ ಹೊಡೆಯುವಾಗ ಭಾಗವತಿಕೆಯ (ಪದ್ಯ ಹಾಡುವ) ಪಾಠ ಯಾರಿಗೆ ಕೇಳಿಸುತ್ತದೆ? ಹಲಸಿನ ಮರ, ಹಳೆ ಹಂಚು ತೆಗೆದರೆ ಅದು ಈ ಮನೆಯೂ ಅಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಎಲ್ಲೆಲ್ಲಿಂದಲೋ ಹಳೆಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ ದಕ್ಷಿಣಚಿತ್ರ ಎಂಬ ವಸ್ತುಸಂಗ್ರಹಾಲಯ 1996ರಿಂದ ಅಂಥದ್ದೇ ಕೆಲಸ ಮಾಡುತ್ತಿದೆ. ದೊಡ್ಡ ಕೆಲಸ ಅದು. ನಮ್ಮ ಮನೆಗೆ ಮಾತ್ರ ಹುಟ್ಟಿದ ಜಾಗದಲ್ಲೇ ನಿಲ್ಲುವ ಭಾಗ್ಯ ಇದೆ, ಒಳಗೆ ಇಂದಿಗೂ ಚೆಂಡೆ ಮದ್ದಳೆ ಕೇಳುತ್ತದೆ.

ಇಷ್ಟು ಹೇಳಿಕೊಳ್ಳಲು ನಮಗೆ ಹಕ್ಕಿದೆ ಅಂದುಕೊಂಡಿದ್ದೇವೆ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಮಣ್ಣು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡದ ಕೆಲಸ ಇಲ್ಲಿ ಎಷ್ಟು ಕಷ್ಟವಾಯಿತೆಂದು ನಿಮಗೆ ಗೊತ್ತೇ ಇದೆ. ಆದರೂ ನಮ್ಮಲ್ಲಿ ಕಲಿತ ಮಕ್ಕಳು ಇವತ್ತು ಯಕ್ಷಗಾನ ಮೇಳಗಳಲ್ಲಿ ಪುಂಡುವೇಷ (ತರುಣ ವೀರರ ಪಾತ್ರ) ಮಾಡುತ್ತಿದ್ದಾರೆ. ಮನೆಯಲ್ಲಿ ಮಲಯಾಳ ಮಾತಾಡುವ ಹುಡುಗಿಯರು ಪದ್ಯಕ್ಕೆ ಅಚ್ಚಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಅದನ್ನು ಕೇಳಿದ ದಿನ ನಮ್ಮ ಹಿರಿಯ ಟ್ರಸ್ಟಿಯೊಬ್ಬರು ಸಭೆಯಲ್ಲೇ ಕಣ್ಣೊರಸಿಕೊಂಡಿದ್ದರು. ಪತ್ತನಾಜೆಗೆ (ಮೇ ಕೊನೆಯಲ್ಲಿ ಬರುವ, ತಿರುಗಾಟ ಮುಗಿಯುವ ದಿನ) ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಸಣ್ಣ ಕಲಾವಿದರಿಗೆ ಸಂಪಾದನೆ ಇಲ್ಲ. ಕೆಲವರು ಅಡಿಕೆ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಅವರಿಗೆ ಇಲ್ಲಿ ಪಾಠ ಹೇಳುವ, ವೇಷಭೂಷಣ ರಿಪೇರಿ ಮಾಡುವ ಕೆಲಸ ಸಿಗುತ್ತಿತ್ತು, ಮಧ್ಯಾಹ್ನ ಗಂಜಿಯೂ ಇತ್ತು. ಕಳೆದ ವರ್ಷ ಅದೂ ಅರ್ಧಕ್ಕೆ ನಿಂತಿತು.

ಸಹಾಯಕ್ಕೆ ಗಡಿಯ ಎರಡೂ ಬದಿಯ ಕಚೇರಿಗಳಿಗೆ ಅರ್ಜಿ ಹಾಕಿದ್ದೇವೆ. ಅಲ್ಲಿ ನಾವು ಕೇರಳದವರು, ಇಲ್ಲಿ ಕನ್ನಡದವರು. ಇರಲಿ.

ಮರ, ಹಂಚು, ಆಚಾರಿಗಳ ಕೂಲಿ ಎಲ್ಲ ಸೇರಿ 14-15 ಲಕ್ಷ ರೂಪಾಯಿ ಆದೀತು. ಕೈಯಲ್ಲಿರುವುದು 4 ಲಕ್ಷ ಚಿಲ್ಲರೆ. ಒಂದು ಪಕ್ಕಾಸಿಗೆ ಕೆಲಸ ಸೇರಿ ಸುಮಾರು 3,500 ಬೀಳುತ್ತದೆ. ಒಂದು ಪಕ್ಕಾಸು ನಿಮ್ಮ ಹೆಸರಲ್ಲಿ ಇರಲಿ, ಅಷ್ಟಾಗದಿದ್ದರೆ ಹತ್ತು ಹಂಚು ಸಾಕು. ಹಳೆಮನೆ ಕೆಡವುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಮರ, ಹಂಚು ನಾವೇ ಬಂದು ಇಳಿಸಿಕೊಳ್ಳುತ್ತೇವೆ. ಆಚಾರಿಗಳಿಗೆ ಆರು ವಾರವಾದರೂ ಬೇಕು, ಜೂನ್ ಮೊದಲ ಮಳೆಗೆ ಹಂಚು ಹೊದೆಸಿ ಮುಗಿದಿರಬೇಕು. ಆದ್ದರಿಂದ ಬಿಸುವಿನೊಳಗೆ (ಏಪ್ರಿಲ್ ನಡುವಿನ ಹೊಸವರ್ಷ) ಹಣ ಕೈಸೇರಿದರೆ ಉಪಕಾರ. ಬ್ಯಾಂಕ್ ಖಾತೆ ಹಳೆಯದೇ, ಬದಲಾಗಿಲ್ಲ. ನಗದು ಕೊಡುವವರು ರಶೀದಿ ಕೇಳಿ ಪಡೆಯಿರಿ.

ನಿಮ್ಮವರೇ ಆದ,
ಟ್ರಸ್ಟಿಗಳು