ಮುಚ್ಚಳ ಮಡಚಿ ಉಳಿಸಿಕೊಂಡ ಆಟ

ಮಾನ್ಯರೇ,

ಟೀವಿಗೆ ಜೋಡಿಸಿ ಆಡುವ ನಿಂಟೆಂಡೊ ವೀ ಯಂತ್ರ ಇದ್ದ ಮನೆಗಳಲ್ಲಿ 2008ರ ಹೊತ್ತಿಗೆ ಒಂದು ಸೊಗಸಿತ್ತು. ಟೀವಿಯಲ್ಲಿ ವೀಯ ನಿಂಟೆಂಡೊ ಚಾನೆಲ್ ಎಂಬ ಅಂತರ್ಜಾಲ ಸೇವೆ ತೆರೆದು ಆಟದ ಡೆಮೊ (ಆಡಿ ನೋಡಲು ಕೊಡುವ ಪುಟ್ಟ ತುಣುಕು) ಆರಿಸಿದರೆ, ಅದು ತಂತಿಯಿಲ್ಲದೆ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದ ಪುಟ್ಟ ಯಂತ್ರ ಡಿಎಸ್‌ಗೆ ಬರುತ್ತಿತ್ತು. ಡಿಎಸ್‌ನಲ್ಲಿ ಡೌನ್‌ಲೋಡ್ ಪ್ಲೇ ಒತ್ತಿ ಕಾದರೆ ಸಾಕು.

ನನ್ನ ಮಗ ಡಿಎಸ್ ಅನ್ನು ವೀ ಪಕ್ಕದಲ್ಲೇ ಹಿಡಿದು, ಉಸಿರು ಬಿಗಿಹಿಡಿದು ಕೂರುತ್ತಿದ್ದ. ಬಂದ ಡೆಮೊ ಇರುತ್ತಿದ್ದುದು ಡಿಎಸ್‌ನ 4 ಎಂಬಿ ಮೆಮೊರಿಯಲ್ಲಿ ಮಾತ್ರ. ಆಫ್ ಮಾಡಿದರೆ ಹೋಯ್ತು! ಅದಕ್ಕೇ ಅವನು ಆಫ್ ಮಾಡದೆ ಬರೀ ಮುಚ್ಚಳ ಮಡಚಿ, ಚಾರ್ಜರ್ ಸಿಕ್ಕಿಸಿಯೇ ಮಲಗುತ್ತಿದ್ದ.

2013ರ ಜೂನ್‌ನಲ್ಲಿ ಆ ಚಾನೆಲ್ ನಿಂತಿತು. ಪುಸ್ತಕಕ್ಕೆ ಗ್ರಂಥಾಲಯ ಇದೆ ಅಲ್ವಾ? ಈ ಪುಟ್ಟ ಡೆಮೊಗಳಿಗೂ ಅಂಥದ್ದೊಂದು ಜಾಗ ಬೇಕು. ಆಟ ತಯಾರಿಸುವವರು ಸೇವೆ ನಿಲ್ಲಿಸುವ ಮೊದಲೇ ಒಂದು ಪ್ರತಿ ಅಲ್ಲಿಗೆ ಕೊಡಲಿ.

– ಒಬ್ಬ ತಾಯಿ