ಅಜ್ಜನ ಬಂದೂಕಿನ ಸಂಖ್ಯೆ ಇಪ್ಪತ್ತೇಳಲ್ಲ

ಸ್ಪ್ರಿಂಗ್‌ಫೀಲ್ಡ್, ಮ್ಯಾಸಚೂಸೆಟ್ಸ್
ಭಾನುವಾರ

ತೀರ್ಥರೂಪ ಅಪ್ಪನವರಿಗೆ ಗಿರಿಜಾ ಮಾಡುವ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅವ್ವನ ಮಂಡಿನೋವು, ಎಮ್ಮೆಯ ಕರು, ಬಸುಕಾಕಾನ ಬೋರ್‌ವೆಲ್, ಎಲ್ಲವನ್ನೂ ಮುಂದಿನ ಪತ್ರದಲ್ಲಿ ಕೇಳುತ್ತೇನೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಜ್ಜನ ಜೋಡುನಳಿಗೆ ಬಂದೂಕಿನ ಮೇಲೆ ಒತ್ತಿರುವ ತಯಾರಿಕೆಯ ಕ್ರಮಸಂಖ್ಯೆ 27 ಎಂದಿದೆ, ಇಷ್ಟು ಚಿಕ್ಕ ಸಂಖ್ಯೆಗೆ ಅಮೆರಿಕದಲ್ಲಿ ಐವತ್ತು ಲಕ್ಷ ಬರುತ್ತದೆ ಎಂದು ಯಾರೋ ಹೇಳಿ, 20,000 ರೂಪಾಯಿ ಸಂಚಕಾರ ಕೊಟ್ಟು ಹೋದರಂತೆ. ಅಪ್ಪಾ, ಆ ಸಂಚಕಾರ ಮನೆಗೇ ಸಂಚಕಾರ ತರುತ್ತದೆ. ಫೋನಿನಲ್ಲಿ ಹೇಳಿದರೆ ಅವ್ವ ಅಳುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಪತ್ರದ ಚಿತ್ರವನ್ನು ತಂಗಿ ಶೈಲಾಳ ಮೊಬೈಲಿಗೆ ಕಳಿಸುತ್ತೇನೆ, ಅವಳೇ ಓದಿ ಹೇಳಲಿ.

ಆ ಮನುಷ್ಯ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಮನೆಯ ಮಾಲೀಕರು ಹಳೆಯ ಬಂದೂಕು ಸಂಗ್ರಹಿಸುವವರು. ಹೋದ ತಿಂಗಳು ನನ್ನನ್ನು ಬಂದೂಕಿನ ಸಂತೆಗೆ ಕರೆದೊಯ್ದರು. ಹೌದು, ಇಲ್ಲಿ ಅದಕ್ಕೂ ಸಂತೆ ಇದೆ. ಅಮೀನಗಡದ ಸಂತೆಯ ಗದ್ದಲವಿಲ್ಲ, ಉಳಿದದ್ದೆಲ್ಲ ಹಾಗೆಯೇ. ನಮ್ಮವರು ಎತ್ತಿನ ಸುಳಿ ನೋಡುವಂತೆ ಇವರು ಭೂತಗನ್ನಡಿ ಹಿಡಿದು ಸಂಖ್ಯೆ ನೋಡುತ್ತಾರೆ. ಒಂದನೆಯದು, ಎರಡನೆಯದು ಎಂದರೆ ಪ್ರಾಣ ಬಿಡುತ್ತಾರೆ. ನಗಬೇಡಿ, ಜೀಪಿಗೆ ಕೂಡಿದರೆ ಒಂಬತ್ತು ಬರಬೇಕೆಂದು ಬಸುಕಾಕಾ ಎಷ್ಟು ಸುರಿದರು ಎಂಬುದು ನನಗೆ ನೆನಪಿದೆ.

ಆದರೆ ಸಂಖ್ಯೆ ಚಿಕ್ಕದಾದರೆ ಸಾಲದು. ಅವ್ವನ ಸಿಂಗರ್ ಹೊಲಿಗೆ ಯಂತ್ರ ಇದೆಯಲ್ಲ, ಅದೇ ಕಂಪನಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಪಿಸ್ತೂಲು ಮಾಡಿಕೊಟ್ಟಿತ್ತು. ಮಾಡಿದ್ದು ಬರೀ 500. ಅವುಗಳ ಸಂಖ್ಯೆ ಎಸ್ 800001ರಿಂದ ಎಸ್ 800500ರವರೆಗೆ. ಎಂಟು ಲಕ್ಷದಿಂದ ಶುರುವಾದರೂ ಒಂದೊಂದಕ್ಕೆ ಲಕ್ಷ ಡಾಲರ್ ದಾಟಿ ಬೆಲೆ ಬಂದದ್ದುಂಟು. (ಅವ್ವನ ಯಂತ್ರದ ಮೇಲೂ ಸಂಖ್ಯೆ ಇದೆ ಎಂದು ಅದನ್ನು ಅಟ್ಟದಿಂದ ಇಳಿಸಬೇಡಿ.)

ಇನ್ನೊಂದು ಕಡೆ ಚಿಕ್ಕ ಸಂಖ್ಯೆಯೇ ಕಂಟಕ. ಈ ಊರಿನ ಸರ್ಕಾರಿ ಕಾರ್ಖಾನೆಯಲ್ಲೇ 1903ರ ಮಾದರಿಯ ರೈಫಲ್ ತಯಾರಾಗುತ್ತಿತ್ತು. ಅದರಲ್ಲಿ ಎಂಟು ಲಕ್ಷಕ್ಕಿಂತ ಕೆಳಗಿನ ಸಂಖ್ಯೆಯದನ್ನು ಗೋಡೆಗೆ ನೇತುಹಾಕಬಹುದು, ಗುಂಡು ಹಾರಿಸಬಾರದು ಎನ್ನುತ್ತಾರೆ. ಆಗಿನ ಕೆಲಸಗಾರರು ಉಕ್ಕು ಎಷ್ಟು ಕಾದಿದೆ ಎಂದು ಬಣ್ಣ ನೋಡಿ ಹೇಳುತ್ತಿದ್ದರು. ಮೋಡದ ದಿನ ಕಾಣುವ ಕೆಂಪೇ ಬೇರೆ, ಬಿಸಿಲಿನ ದಿನದ ಕೆಂಪೇ ಬೇರೆ. ಬಿಸಿಲಿದ್ದ ದಿನ ಕೆಂಪು ಮಂಕಾಗಿ ಕಂಡು, ಉಕ್ಕು ಅತಿಯಾಗಿ ಕಾದು ಪೆಡಸಾಯಿತು. ಕೆಲವು ಬಂದೂಕುಗಳು ಹಾರಿಸುವಾಗ ಒಡೆದೇ ಹೋದವು, 1918ರಲ್ಲಿ ಕಾಯಿಸುವ ಕ್ರಮವನ್ನೇ ಬದಲಿಸಿದರು. ನಮ್ಮ ಕಂಬಾರ ಕುಲುಮೆಯನ್ನು ನೆರಳಿನಲ್ಲಿ ಇಡುವುದು ಬಿಸಿಲಿಗೆ ಅಂಜಿ ಎಂದುಕೊಂಡಿದ್ದೆ!

ಮೇಲಾಗಿ ಕಾಗದ ಬೇಕು. ಪಕ್ಕದ ಹಾರ್ಟ್‌ಫರ್ಡ್‌ನ ಕೋಲ್ಟ್ ಕಂಪನಿ ಶುಲ್ಕ ಪಡೆದು ತನ್ನ ಹಳೆಯ ಲೆಕ್ಕದ ಪುಸ್ತಕ ನೋಡಿ, ಇಂಥ ಸಂಖ್ಯೆಯ ಬಂದೂಕು ಇಂಥ ದಿನ ಹೊರಗೆ ಹೋಯಿತು ಎಂದು ಬರೆದು ಕೊಡುತ್ತದೆ. ಹೊಲಕ್ಕೆ ಉತಾರ ಇದ್ದಂತೆ. ಅದಿಲ್ಲದಿದ್ದರೆ ಮಾತು, ಬರೀ ಮಾತು.

ಈಗ ನಮ್ಮ ಬಂದೂಕಿಗೆ ಬನ್ನಿ. ಚುನಾವಣೆ ಬಂದಾಗಲೆಲ್ಲ ಅಜ್ಜ ಅದನ್ನು ಮುಧೋಳ ಠಾಣೆಗೆ ಒಪ್ಪಿಸುವಾಗ ನಾನೂ ಜೊತೆಗೆ ಹೋಗುತ್ತಿದ್ದೆ. ರಸೀದಿಯಲ್ಲಿರುವ ಸಂಖ್ಯೆ ಸರಿಯೇ ನೋಡು ಎಂದು ನನ್ನಿಂದಲೇ ಓದಿಸುತ್ತಿದ್ದರು. ಐದು ಅಂಕಿಗಳಿದ್ದವು, ಕೊನೆಯವು 27! ಸಣ್ಣ ಬಿಡಿಭಾಗಗಳ ಮೇಲೆ ಜಾಗವಿಲ್ಲದೆ ಕೊನೆಯ ಎರಡೇ ಅಂಕಿ ಒತ್ತುವುದುಂಟು ಎಂದು ಮಾಲೀಕರು ಹೇಳಿದಾಗ ನನಗೆ ಥಟ್ಟನೆ ಹೊಳೆಯಿತು. ಪರವಾನಗಿ ಪುಸ್ತಕ ತೆಗೆದು ನೋಡಿ. ಆ ಮನುಷ್ಯ ನಳಿಗೆಯ ತುಕ್ಕು ಉಜ್ಜಿಸಿ ಪಾಲಿಶ್ ಮಾಡಿಸಿ ಎಂದನಂತಲ್ಲ, ಯಾವ ಸಂಗ್ರಾಹಕನೂ ಹಾಗೆ ಹೇಳುವುದಿಲ್ಲ. ಉಳಿದ ಅಂಕಿಗಳು ಅಳಿಸಿಹೋಗಲಿ ಎಂಬ ಲೆಕ್ಕವೇ? ಸಂಖ್ಯೆ ಅಳಿಸುವುದು ಇಲ್ಲೂ ಅಪರಾಧ, ಅಲ್ಲೂ ಅಪರಾಧ. ವಿಜಯಪುರದ ಮಲಿಕ್-ಎ-ಮೈದಾನ್ ತೋಪಿಗೇ 1854ರ ಹರಾಜಿನಲ್ಲಿ ಬಂದ ಬೆಲೆ 150 ರೂಪಾಯಿ. ಕಬ್ಬಿಗೆ ಬರುವ ಹಂದಿ ಬೆದರಿಸುವ ಬಂದೂಕಿಗೆ ಐವತ್ತು ಲಕ್ಷ ಯಾರು ಕೊಡುತ್ತಾರೆ?

ನನ್ನ ನಿದ್ದೆ ಕೆಡಿಸಿರುವುದು ಬೇರೆ. ಅಜ್ಜ ಹೋಗಿ ಎಂಟು ತಿಂಗಳಾಯಿತು, ಪರವಾನಗಿ ಅವರ ಹೆಸರಿನಲ್ಲಿತ್ತು, ಬಂದೂಕು ಇನ್ನೂ ಟ್ರಂಕಿನಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅದನ್ನು ತಡಮಾಡದೆ ಠಾಣೆಗೆ ಇಲ್ಲವೇ ಪರವಾನಗಿ ಇರುವ ವ್ಯಾಪಾರಿಗೆ ಒಪ್ಪಿಸಬೇಕು. ಇಡುವುದೋ ಮಾರುವುದೋ ಆಮೇಲಿನ ಮಾತು. ಪರವಾನಗಿ ಇಲ್ಲದವನ ಕೈಗೆ ಕೊಟ್ಟರೆ ಶೈಲಾಳ ಮದುವೆ ಮನೆಗೆ ಪೊಲೀಸರು ಬರುತ್ತಾರೆ. ಆಯುಧ ನೋಂದಾಯಿಸಲು ಒಪ್ಪದೆ 1857ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಹಲಗಲಿ ಬೇಡರ ಕಥೆಯನ್ನು ಮೀಸೆ ತಿರುವಿ ಹೇಳುತ್ತಿದ್ದ ಅಜ್ಜ, ತಮ್ಮ ಪರವಾನಗಿಯ ನವೀಕರಣವನ್ನು ಒಂದು ಸಲವೂ ತಪ್ಪಿಸಲಿಲ್ಲ. ಅವರ ಹೆಸರಿಗಾದರೂ ನಾಳೆಯೇ ಹೋಗಿ, ಬಸುಕಾಕಾನನ್ನು ಕರೆದುಕೊಂಡು. ಸಂಚಕಾರದ ಹಣವನ್ನು ಇಬ್ಬರ ಎದುರಿಗೆ ಮರಳಿಸಿ, ಬರೆಸಿಕೊಳ್ಳಿ. ಖರ್ಚಾಗಿದ್ದರೆ ಬೈಯುವುದಿಲ್ಲ, ಹೇಳಿ.

ಮದುವೆಯ ಚಿಂತೆ ಬಿಡಿ. ನಾಲ್ಕು ಲಕ್ಷ ತಿಂಗಳೊಳಗೆ ಕಳಿಸುತ್ತೇನೆ. ನನಗೆ ಏನೇನೂ ತೊಂದರೆ ಇಲ್ಲ, ಖಂಡಿತ ಇಲ್ಲ. ಕಾರು ಮಾರಿದೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಮದಲ್ಲಿ ಕಾರು ಓಡಿಸುವುದೇ ಪೀಡೆ, ಬಸ್ಸಿನಲ್ಲಿ ಬೆಚ್ಚಗಿರುತ್ತದೆ. ಊಟ ಚೆನ್ನಾಗಿದೆ, ನೀವು ಕಳಿಸಿದ ಶೇಂಗಾ ಚಟ್ನಿ ಇನ್ನೂ ಇದೆ. ನನ್ನ ಮದುವೆಯ ಮಾತನ್ನು ಯಾರೂ ಎತ್ತಬೇಡಿ.

ಬಸ್ಸು ಬರುವ ಹೊತ್ತಾಯಿತು. ರಸೀದಿ ಕೈಗೆ ಬಂದ ಕೂಡಲೇ ಅದರ ಚಿತ್ರ ಕಳಿಸಲು ಶೈಲಾಳಿಗೆ ಹೇಳಿ. ಐದೂ ಅಂಕಿ ಕಾಣುವಂತೆ.

ನಿಮ್ಮ ಮಗಳು
ಗಿರಿಜಾ