ಕರಾವಳಿ ಸೇತುವೆ: ಬಣ್ಣ ಬಳಿಯುವ ಮುನ್ನ ಉಪ್ಪು ಅಳೆಯಿರಿ

ಮಾನ್ಯರೇ,

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ. ಸೇತುವೆಗೆ ಆಗ ಸುಮಾರು ನಾಲ್ಕು ದಶಕ. ಅಂದಿನಿಂದ ಕರಾವಳಿಯ ಹಳೆಯ ಸೇತುವೆಗಳ ಮಾತು ಬಂದಾಗಲೆಲ್ಲ ಕೇಳುವುದು, ಎಷ್ಟು ವರ್ಷ ಆಯಿತು ಎಂದು. ವಯಸ್ಸು ನೋಡಿ ತೀರ್ಮಾನಿಸುವ ಸಂಗತಿ ಇದಲ್ಲ. ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು-ಇಟ್ಟಿಗೆಯ ಕಮಾನು ಸೇತುವೆ ಮುಗಿದದ್ದು 1868ರಲ್ಲಿ. ಆ ಕಮಾನುಗಳಲ್ಲಿ ತುಕ್ಕು ಹಿಡಿಯಲು ಕಂಬಿಯೇ ಇಲ್ಲ, ಹೊಳೆಯಲ್ಲಿ ಉಪ್ಪೂ ಇಲ್ಲ. ನದಿ ಕಡಲು ಸೇರುವ ಅಳಿವೆಯ ಮೇಲಿನ ಆರ್‌ಸಿಸಿ (ಒಳಗೆ ಉಕ್ಕಿನ ಕಂಬಿಯಿರುವ ಕಾಂಕ್ರೀಟಿನ) ಸೇತುವೆಯ ಲೆಕ್ಕವೇ ಬೇರೆ. ದಾವಣಗೆರೆಯ ಮೆಕ್ಕೆಜೋಳ, ಅಕ್ಕಿ, ಚಿತ್ರದುರ್ಗದ ಈರುಳ್ಳಿ ಹೊತ್ತ ಲಾರಿಗಳು ಘಟ್ಟ ಇಳಿದ ಮೇಲೆ ಓಡುವುದು ಆ ಸೇತುವೆಗಳ ಮೇಲೆಯೇ. ಹಾಗಾಗಿ ಇದು ಬಯಲುಸೀಮೆಯವರ ಚಿಂತೆಯೂ ಹೌದು.

ಒಳ್ಳೆಯ ಕಾಂಕ್ರೀಟಿನ ಪಿಎಚ್ (ಕ್ಷಾರದ ಅಳತೆ) 12.5ರಿಂದ 13. ಆ ಕ್ಷಾರದಿಂದ ಕಂಬಿಯ ಮೇಲೆ ತೆಳುವಾದ ರಕ್ಷಣೆಯ ಪದರ ಕಟ್ಟಿಕೊಂಡಿರುತ್ತದೆ. ಕಡಲ ಗಾಳಿ, ನೀರಿನ ಉಪ್ಪಿನಲ್ಲಿರುವ ಕ್ಲೋರೈಡ್ ನಿಧಾನಕ್ಕೆ ಒಳಗಿಳಿದು ಕಂಬಿಯ ಬಳಿ ಸಿಮೆಂಟಿನ ತೂಕದ ಶೇ 0.4ರ ಆಸುಪಾಸು ಸೇರಿತೆಂದರೆ ಆ ಪದರ ಒಡೆಯುತ್ತದೆ. ತುಕ್ಕಿಗೆ ಮೂಲ ಉಕ್ಕಿಗಿಂತ 2ರಿಂದ 6 ಪಟ್ಟು ಜಾಗ ಬೇಕು. ಕಾಂಕ್ರೀಟು ಸೀಳಿ ಚಕ್ಕೆ ಏಳುವುದು ಆಗ. ಸದಾ ನೀರೊಳಗಿರುವ ಭಾಗಕ್ಕೆ ಆಮ್ಲಜನಕ ಸಿಗದೆ ತುಕ್ಕು ನಿಧಾನ. ಉಬ್ಬರ-ಇಳಿತಕ್ಕೆ ನೆನೆದು ಒಣಗುವ ಕಂಬದ ಪಟ್ಟಿ, ಅಲೆ ಸಿಡಿಯುವ ಪಿಯರ್ ಕ್ಯಾಪ್ (ಕಂಬದ ತಲೆ), ಕಡಲ ಕಡೆಯ ಗರ್ಡರಿನ (ರಸ್ತೆ ಹೊರುವ ತೊಲೆಯ) ತಳ ಮೊದಲು ಹೋಗುತ್ತವೆ.

ಆದ್ದರಿಂದ ರಿಪೇರಿಯ ಖರ್ಚಿನ ಅಂದಾಜು ಪಟ್ಟಿಗೆ ಮುಂಚೆ ಅಳತೆ ಆಗಬೇಕು. ದೋಣಿಯಲ್ಲಿ ಕೂತು ಫೋಟೊ ತೆಗೆದರೆ ಅಳತೆ ಆಗಲಿಲ್ಲ. ಪ್ರತಿ ಕಂಬ, ಎರಡು ಕಂಬಗಳ ನಡುವಿನ ಪ್ರತಿ ಸ್ಪ್ಯಾನಿನ ಗರ್ಡರಿಗೆ ಡ್ರಿಲ್ ಹಾಕಿ, 10 ಮಿ.ಮೀ.ಗೊಂದರಂತೆ 60 ಮಿ.ಮೀ. ಆಳದವರೆಗೆ ಪುಡಿಯನ್ನು ಬೇರೆಬೇರೆ ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು. ಆಳಕ್ಕೆ ಹೋದಂತೆ ಕ್ಲೋರೈಡ್ ಎಷ್ಟೆಷ್ಟು ಎಂದು ಗೊತ್ತಾದರೆ, ಅದು ಕಂಬಿ ಮುಟ್ಟಲು ಇನ್ನೆಷ್ಟು ವರ್ಷ ಎಂದು ಲೆಕ್ಕ ಹಾಕಬಹುದು. ಮೊದಲ 10 ಮಿ.ಮೀ. ಮಳೆಗೆ ತೊಳೆದು ಕಡಿಮೆ ತೋರಿಸುತ್ತದೆ, ಅದನ್ನೇ ನಂಬಬಾರದು. ಜೊತೆಗೆ ಅರ್ಧದಿಂದ ಒಂದು ಮೀಟರಿನ ಚೌಕಗಳಲ್ಲಿ ಕಂಬಿಯ ವಿದ್ಯುತ್ ವಿಭವ ಅಳೆಯುವ ತಾಮ್ರದ ಹಾಫ್-ಸೆಲ್ ಇಟ್ಟು ನೋಡಬೇಕು. ಅಂಕಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿದ್ದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ 90ಕ್ಕೂ ಹೆಚ್ಚು. ಮೈನಸ್ 200ಕ್ಕಿಂತ ಮೇಲಿದ್ದರೆ ಬಹುತೇಕ ಇಲ್ಲ. ನೀರಲ್ಲಿ ಮುಳುಗಿದ ಕಡೆ ಆಮ್ಲಜನಕವಿಲ್ಲದ ಕಾರಣಕ್ಕೇ ಅಂಕಿ ಬಹಳ ಕೆಳಗಿಳಿಯುವುದರಿಂದ ಅಲ್ಲಿ ಈ ಮಿತಿ ಹೊಂದುವುದಿಲ್ಲ. ಇನ್ನು ಮೇಲ್ಮೈಗೆ ಬಡಿದು ಪುಟಿಯುವುದರಿಂದ ಬಲ ಅಂದಾಜಿಸುವ ರಿಬೌಂಡ್ ಹ್ಯಾಮರ್ ಒಂದನ್ನೇ ನಂಬಿ ಬರೆದ ವರದಿಗೆ ಬೆಲೆ ಕೊಡಬಾರದು: ಇಂಗಾಲದ ಡೈಆಕ್ಸೈಡ್ ಹೀರಿದ ಹಳೆಯ ಮೇಲ್ಮೈ ಗಟ್ಟಿಯಾಗಿ, ಹ್ಯಾಮರ್ ಇಲ್ಲದ ಬಲವನ್ನು ತೋರಿಸುತ್ತದೆ.

ಒಳಗೆ ಉಕ್ಕಿನ ಕೇಬಲ್ ಬಿಗಿದೆಳೆದು ಕಟ್ಟಿದ ಪ್ರಿಸ್ಟ್ರೆಸ್ ಗರ್ಡರುಗಳಿಗೆ ಇಷ್ಟೂ ಸಾಲದು. ಕೇಬಲ್ಲಿನ ನಾಳದಲ್ಲಿ ಗ್ರೌಟ್ (ಸಿಮೆಂಟಿನ ತಿಳಿ) ತುಂಬದೆ ಪೊಳ್ಳು ಉಳಿದಿದ್ದರೆ ನೀರು ಅಲ್ಲಿ ನಿಂತು ಒಂದೊಂದೇ ತಂತಿ ಕಡಿಯುತ್ತದೆ. ಹೊರಗೆ ತುಕ್ಕಿನ ಕಲೆಯೂ ಕಾಣದಿರಬಹುದು. ಬಳಕೆಗೆ ಬಂದು ಎರಡು ದಶಕವೂ ತುಂಬದ ಪಣಜಿಯ ಮಾಂಡೋವಿ ಸೇತುವೆ 1986ರ ಜುಲೈನಲ್ಲಿ ಬಿತ್ತು. ಅದು ಪ್ರಿಸ್ಟ್ರೆಸ್ ಸೇತುವೆಯೇ. ಇಂಥವುಗಳಲ್ಲಿ ಆಯ್ದ ಕಡೆ ನಾಳ ತೆರೆದು ಕಣ್ಣಾರೆ ನೋಡಬೇಕು, ಆಮೇಲೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) ಕೈಪಿಡಿ ಎಸ್‌ಪಿ 51ರ ಪ್ರಕಾರ ಭಾರ ಪರೀಕ್ಷೆ. ಮೊದಲೇ ಭಾರ ಪರೀಕ್ಷೆಗೆ ಹೋಗುವುದು ಅಪಾಯ. ಒಂದು ಗರ್ಡರಿನ ತುದಿ ಇನ್ನೊಂದರ ಮೇಲೆ ಕೂರುವ ಆರ್ಟಿಕ್ಯುಲೇಷನ್ ಜಾಯಿಂಟನ್ನು ಕೈ ತಲುಪುವಷ್ಟು ಹತ್ತಿರ ಹೋಗಿಯೇ ನೋಡಬೇಕು. 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆ ಕುಸಿದಾಗ ಪೆಡೆಸ್ಟಲ್ (ಗರ್ಡರ್ ಕೂರುವ ಪೀಠ) ಮತ್ತು ಇಂಥದೇ ಜಾಯಿಂಟ್ ನಜ್ಜುಗುಜ್ಜಾದದ್ದು ಕಾರಣ ಎಂದು ಪ್ರಾಥಮಿಕ ತನಿಖೆ ಹೇಳಿತು.

ರಿಪೇರಿ ಸಾಕು ಎಂದಾದ ಕಡೆ ಕೆಲಸ ಕೆಡುವುದು ತೇಪೆಯಲ್ಲಿ. ಚಕ್ಕೆ ಎದ್ದಷ್ಟನ್ನೇ ಕೆತ್ತಿ ಗಾರೆ ತುಂಬಿದರೆ ಅದರೊಳಗಿನ ಕಂಬಿ ಉಳಿಯುತ್ತದೆ, ಪಕ್ಕದ ಹಳೆ ಕಾಂಕ್ರೀಟಿನಲ್ಲಿ ಉಪ್ಪು ಹಾಗೇ ಇರುತ್ತದೆ. ಎರಡರ ನಡುವೆ ವಿದ್ಯುತ್ ಕೋಶ ಏರ್ಪಟ್ಟು ತೇಪೆಯ ಅಂಚಿನಾಚೆ ತುಕ್ಕು ಮೊದಲಿಗಿಂತ ಜೋರಾಗುತ್ತದೆ. ಕೆಲವೇ ಮಳೆಗಾಲಗಳಲ್ಲಿ ಅದೇ ಕಂಬಕ್ಕೆ ಮತ್ತೊಂದು ಟೆಂಡರ್. ಇದನ್ನು ತಪ್ಪಿಸಲು ಮೊದಲು ಗರ್ಡರಿಗೆ ಆಸರೆ ಕೊಟ್ಟು, ಅಂಚನ್ನು 10 ಮಿ.ಮೀ. ಆಳಕ್ಕೆ ಗರಗಸದಿಂದ ನೇರ ಕತ್ತರಿಸಿ, ಕಂಬಿಯ ಹಿಂದೆ 20ರಿಂದ 25 ಮಿ.ಮೀ. ತನಕ ಹಳೆ ಕಾಂಕ್ರೀಟು ಬಿಡಿಸಬೇಕು. ಸ್ಥಳದಲ್ಲಿ ಎಂಜಿನಿಯರ್ ನಿಲ್ಲದಿದ್ದರೆ ತಪ್ಪಿಹೋಗುವ ಹಂತ ಇದೇ. ಕಣಗಳನ್ನು ರಭಸದಿಂದ ಚಿಮ್ಮಿಸಿ ತುಕ್ಕು ತೆಗೆಯುವ ಗ್ರಿಟ್ ಬ್ಲಾಸ್ಟಿಂಗ್ ಆದ ಮೇಲೆ ಸಿಹಿನೀರನ್ನು ಒತ್ತಡದಲ್ಲಿ ಹಾಯಿಸಿ ತೊಳೆದು ಅದೇ ದಿನ ಮೈಕ್ರೋ ಕಾಂಕ್ರೀಟು ಹಾಕಬೇಕು. ಒಂದು ರಾತ್ರಿ ಬಿಟ್ಟರೂ ಕಡಲ ಗಾಳಿ ಮತ್ತೆ ಉಪ್ಪು ಕೂರಿಸುತ್ತದೆ. ಐದನೇ ಒಂದು ಭಾಗಕ್ಕಿಂತ ಹೆಚ್ಚು ಸವೆದ ಕಂಬಿಗೆ ಜೊತೆ ಕಂಬಿ ಕಟ್ಟಬೇಕು. ತೇಪೆಯ ಅಂಚಿನುದ್ದಕ್ಕೂ ಅರ್ಧ ಮೀಟರಿಗೊಂದರಂತೆ ಸತುವಿನ ಆನೋಡ್ ಕಟ್ಟಿದರೆ ಸತು ತಾನು ಸವೆದು ಕಂಬಿಯನ್ನು ಕಾಯುತ್ತದೆ. ಆದರೆ ಕಂಬಿಗೆ ಎಪಾಕ್ಸಿ ಬಳಿದು ಅದರ ಮೇಲೆ ಆನೋಡ್ ಕಟ್ಟಿದರೆ ವಿದ್ಯುತ್ ಸಂಪರ್ಕವೇ ಇರದೆ ದುಡ್ಡು ನೀರುಪಾಲು. ಸೇತುವೆಯ ಹೆಚ್ಚಿನ ಭಾಗದಲ್ಲಿ ಉಪ್ಪು ಈಗಾಗಲೇ ಕಂಬಿ ದಾಟಿದ್ದರೆ ತೇಪೆಯ ಆಸೆ ಬಿಡಬೇಕು; ಇಡೀ ಭಾಗಕ್ಕೆ ಕ್ಯಾಥೋಡಿಕ್ ರಕ್ಷಣೆ (ಕಂಬಿಗೆ ಸಣ್ಣ ವಿದ್ಯುತ್ ಹರಿಸಿ ತುಕ್ಕು ತಡೆಯುವುದು), ಇಲ್ಲವೇ ಹೊಸ ಸೇತುವೆ.

ಮೇಲೆ ಎಲ್ಲ ಸರಿಯಿದ್ದರೂ ಹೊಳೆಯ ನೀರು ಬುಡ ಕೊರೆದರೆ ಮುಗಿಯಿತು. ಮಹಾರಾಷ್ಟ್ರದ ಮಹಾಡದ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲು ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹಕ್ಕೆ ಕೊಚ್ಚಿಹೋಯಿತು. ಪ್ರವಾಹ ನದಿಯ ತಳವನ್ನು ಎಷ್ಟು ಕೊರೆಯುತ್ತದೆಂದು ಅಂದಾಜಿಸುವ ಲೇಸಿ ಸೂತ್ರದಿಂದ ಬರುವ ಆಳದ ಎರಡು ಪಟ್ಟು ಕಂಬದ ಬಳಿ ಕೊರೆಯುತ್ತದೆಂದು ಎಣಿಸಿ, ಅದಕ್ಕೂ ಕೆಳಗೆ ಮೂರನೇ ಒಂದು ಭಾಗ ಹಿಡಿತ ಇಟ್ಟು ಅಡಿಪಾಯ ಇಳಿಸುವುದು ನಿಯಮ. ಮರಳು ತೆಗೆದು ನದಿಯ ತಳವೇ ಕೆಳಗಿಳಿದರೆ ಆ ಹಿಡಿತ ಉಳಿಯುವುದಿಲ್ಲ. ಮಳೆಗಾಲ ಕಳೆದ ಮೇಲೆ ಅಳೆದರೆ ಸತ್ಯ ಗೊತ್ತಾಗದು. ಪ್ರವಾಹದಲ್ಲಿ ಕೊರೆದ ಗುಂಡಿಗೆ ನೀರು ಇಳಿಯುವಾಗ ಸಡಿಲ ಮರಳು ಬಂದು ತುಂಬಿರುತ್ತದೆ. ನೆರೆ ಇರುವಾಗಲೇ ತಳ ಅಳೆಯುವ ಎಕೋ ಸೌಂಡರನ್ನು ಕಂಬಕ್ಕೆ ಕೂರಿಸಬೇಕು.

ನಾಲ್ಕು ಪಥದ ಹೆದ್ದಾರಿಯಲ್ಲಿ ಪಕ್ಕದಲ್ಲಿ ಹೊಸದು ಕಟ್ಟಿ, ಹಳೆಯದನ್ನು ಇನ್ನೊಂದು ದಿಕ್ಕಿಗೆ ಉಳಿಸಿಕೊಳ್ಳುವ ರೂಢಿಯಿದೆ. ಕಾಳಿಯಲ್ಲೂ ಹಾಗೇ ಇತ್ತು. ಅಂಥ ಹಳೆಯ ಸೇತುವೆಗಳನ್ನೇ ಮೊದಲು ಪರೀಕ್ಷಿಸಬೇಕು. 2018ರಲ್ಲಿ ಲಾರಿಯ ನಾಲ್ಕು ಚಕ್ರದ ಒಂಟಿ ಆಕ್ಸಲ್ಲಿನ (ಅಚ್ಚಿನ) ಭಾರದ ಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಹಳೆ ಸೇತುವೆಗಳ ಭಾರ ಲೆಕ್ಕವನ್ನು ಈ ಹೊಸ ಅಂಕಿ, ಸವೆದ ಕಂಬಿ ಎರಡನ್ನೂ ಹಿಡಿದು ಮಾಡಬೇಕು. ಲೆಕ್ಕಕ್ಕೆ ನಿಲ್ಲದ ಸೇತುವೆಯಲ್ಲಿ ಫಲಕವಷ್ಟೇ ಸಾಲದು. ಭಾರಿ ವಾಹನ ತಡೆಯುವ ಎತ್ತರ ಮಿತಿಯ ಕಮಾನು ಹಾಕಿ ಲಾರಿಗಳಿಗೆ ಬದಲಿ ದಾರಿಯನ್ನು ಮೊದಲೇ ಪ್ರಕಟಿಸಬೇಕು.

ಬದಲಿ ಸೇತುವೆ ಬೇಕೆಂದಾದರೆ ಮಣ್ಣು ಪರೀಕ್ಷೆ, ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅನುಮತಿ, ಭೂಸ್ವಾಧೀನಕ್ಕೇ ವರ್ಷಗಳು ಹಿಡಿಯುತ್ತವೆ. ನದಿಯೊಳಗಿನ ಕೆಲಸಕ್ಕೆ ಸಿಗುವುದು ಅಕ್ಟೋಬರಿನಿಂದ ಮೇ ತನಕ ಮಾತ್ರ. ಹಳೆಯದು ಬೀಳುವ ಹಂತಕ್ಕೆ ಬಂದಾಗ ಕಡತ ತೆರೆದರೆ ತಡವಾಗಿರುತ್ತದೆ. ಉಬ್ಬರದ ವಲಯಕ್ಕೆ ಐಆರ್‌ಸಿ 112 ಹೇಳುವ ಎಂ45 ದರ್ಜೆಯ ಕಾಂಕ್ರೀಟು, ಕಂಬಿಯ ಮೇಲೆ 75 ಮಿ.ಮೀ. ಕವರ್ (ಕಾಂಕ್ರೀಟಿನ ಹೊದಿಕೆ) ಕಡ್ಡಾಯ. ಆ ಅಂತರ ಕಾಯುವ ಕವರ್ ಬ್ಲಾಕ್ ಜಾರಿ 50 ಮಿ.ಮೀ. ಉಳಿದರೆ ಉಪ್ಪು ಅರ್ಧಕ್ಕೂ ಕಡಿಮೆ ಕಾಲದಲ್ಲಿ ಕಂಬಿ ಮುಟ್ಟುತ್ತದೆ. ಹೊಸ ಕಂಬಕ್ಕಾಗಿ ನದಿಗೆ ಸುರಿದ ಮಣ್ಣಿನ ದಂಡೆಯನ್ನು ಮೇ ಕೊನೆಯೊಳಗೆ ತೆಗೆಯಲು ಟೆಂಡರಿನಲ್ಲೇ ಹಣ ಇಡಬೇಕು, ತೆಗೆಯದಿದ್ದರೆ ದಂಡ ಹಾಕಬೇಕು. ಇಲ್ಲದಿದ್ದರೆ ಇಕ್ಕಟ್ಟಾದ ನೀರು ಹಳೆ ಸೇತುವೆಯ ಬುಡವನ್ನೇ ಕೊರೆಯುತ್ತದೆ.

ಹೆದ್ದಾರಿ ಸೇತುವೆಗಳಿಗೆ 2016ರಿಂದ ಕೇಂದ್ರದ ಸೇತುವೆ ನಿರ್ವಹಣಾ ವ್ಯವಸ್ಥೆಯಲ್ಲಿ ಒಂದೊಂದು ಗುರುತಿನ ಸಂಖ್ಯೆ ಇದೆ. ಕರಾವಳಿಯ ಪ್ರತಿ ಸೇತುವೆಯ ಕ್ಲೋರೈಡ್, ಹಾಫ್-ಸೆಲ್, ತಳದ ಅಳತೆಗಳನ್ನು ಆ ಸಂಖ್ಯೆಯಡಿ ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸಬೇಕು. ಅಳತೆ ಇಲ್ಲದ ಯಾವ ರಿಪೇರಿ ಅಂದಾಜಿಗೂ ಲೋಕೋಪಯೋಗಿ ಇಲಾಖೆ, ಹೆದ್ದಾರಿ ಪ್ರಾಧಿಕಾರ ಮಂಜೂರಾತಿ ಕೊಡಬಾರದು.

– ಸೇತುವೆ ಕೆಲಸ ಬಲ್ಲ ಕೆಲವು ಸಿವಿಲ್ ಎಂಜಿನಿಯರುಗಳು, ದಾವಣಗೆರೆ